ತೃಪ್ತಿಯಾಯಿತೇ ಎಂದು ಕೇಳುತ್ತ ನಾಲ್ಕು ಊರು

ಅರಕಲಗೂಡಿನ ಇಂಟರ್‌ನೆಟ್ ಸೆಂಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಮೊದಲ ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಳಗೆ ಹೋಗಿ ಹೊರಗೆ ಬಂದವರು ಒಟ್ಟು ಹದಿಮೂರು ಜನ. ನಿಯಮದ ಪ್ರಕಾರ ಹೊರಗೆ ಬಂದ ಪ್ರತಿ ಮೂರನೆಯವರನ್ನು ಮಾತ್ರ ನಾನು ಮಾತನಾಡಿಸಬೇಕು. ಅಂದರೆ ನಾಲ್ಕು ಜನ. ಅವರಲ್ಲಿ ಒಬ್ಬರು ಎಸ್‌ಟಿಡಿ ಮಾಡಲು ಬಂದವರು, ಇಂಟರ್‌ನೆಟ್ ಅಂದರೆ ಏನೆಂದು ನನ್ನನ್ನೇ ಕೇಳಿದರು. ಇನ್ನೊಬ್ಬರು ಕೊಣನೂರು ಬಸ್ಸು ಬಂತೆಂದು ಅರ್ಧ ಪ್ರಶ್ನೆಗೇ ಓಡಿದರು. ದಿನವಿಡೀ ಕೂತು ತುಂಬಿಸಿದ್ದು ಎರಡು ಫಾರಂ. ಬೇಕಾಗಿದ್ದದ್ದು ನಲವತ್ತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬೇರೆ ಬೇರೆ ದೇಶಗಳ ಜನ ಇಂಟರ್‌ನೆಟ್ ಬಳಕೆಯಿಂದ ಎಷ್ಟು ತೃಪ್ತರಾಗಿದ್ದಾರೆ ಎಂದು ತಿಳಿಯುವ ಒಂದು ಸಮೀಕ್ಷೆ. ಅವೇ ಪ್ರಶ್ನೆಗಳನ್ನು ಹಲವು ದೇಶಗಳಲ್ಲಿ, ಅಲ್ಲಲ್ಲಿಯ ಭಾಷೆಯಲ್ಲಿ ಕೇಳಿ, ಕೊನೆಗೆ ಒಂದೇ ಪಟ್ಟಿಯಲ್ಲಿ ದೇಶಗಳನ್ನು ಮೇಲೆ ಕೆಳಗೆ ಜೋಡಿಸುವುದು ಉದ್ದೇಶ. ನಮ್ಮ ದೇಶದ ಕೆಲಸ ಬೆಂಗಳೂರಿನ ಒಂದು ಸಂಸ್ಥೆಯ ಪಾಲಿಗೆ ಬಂದಿತ್ತು. ದೊಡ್ಡ ನಗರಗಳ ಜೊತೆಗೆ ಸಣ್ಣ ಊರುಗಳೂ ಇರಲಿ ಎಂದು ಅವರು ಆರಿಸಿಕೊಂಡದ್ದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕೂ ನನ್ನ ಜವಾಬ್ದಾರಿ. ನನ್ನ ಜೊತೆಗೆ ಹಿರೀಸಾವೆಯ ಒಬ್ಬ ನಿವೃತ್ತ ಮೇಷ್ಟ್ರು. ಎರಡು ಜನಗಣತಿ ಮಾಡಿ, ಮೂರು ಹೋಬಳಿಯ ಮನೆಮನೆಯ ನಾಯಿಗಳಿಗೂ ಪರಿಚಿತರಾದವರು. ಊರಲ್ಲಿ ತೆಂಗಿನ ತೋಟ ಇತ್ತು. ಮನೆಯಲ್ಲಿ ಕೂತರೆ ಮೈ ಹಿಡಿದುಕೊಳ್ಳುತ್ತದೆಂದು ಈ ಕೆಲಸಕ್ಕೆ ಬಂದಿದ್ದರು.

ಹಾಸನದ ಬಸ್ ನಿಲ್ದಾಣದ ಹತ್ತಿರದ ಲಾಡ್ಜೊಂದರ ಮಹಡಿಯಲ್ಲಿ ಒಂದು ದಿನದ ತರಬೇತಿ. ಬೆಂಗಳೂರಿನಿಂದ ಬಂದ ಅಧಿಕಾರಿ ಪ್ರಶ್ನಾವಳಿ ಹಂಚಿದರು. ಎಲ್ಲದಕ್ಕಿಂತ ಮುಖ್ಯವಾದದ್ದು ಹತ್ತೊಂಬತ್ತನೆಯ ಪ್ರಶ್ನೆ. ಅದು ಹೀಗಿತ್ತು: "ಅಂತರ್ಜಾಲ ಬಳಕೆಯಿಂದ ತಮಗೆ ಒಟ್ಟಾರೆಯಾಗಿ ಲಭ್ಯವಾಗುತ್ತಿರುವ ಸಂತೃಪ್ತಿಯ ಮಟ್ಟವನ್ನು ಒಂದರಿಂದ ಹತ್ತರವರೆಗಿನ ಮಾನದಲ್ಲಿ ಸೂಚಿಸಿರಿ." ಜೊತೆಗೆ ತೋರಿಸಲು ಒಂದು ಉದ್ದನೆಯ ಕಾರ್ಡು. ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯಲ್ಲಿ ಹತ್ತು.

"ಸರ್, ಇದನ್ನ ಹೀಗೇ ಓದಿದರೆ ಯಾರಿಗೂ ಅರ್ಥ ಆಗಲ್ಲ. 'ಇಂಟರ್‌ನೆಟ್ಟಿಂದ ನಿಮಗೆ ಎಷ್ಟು ಸಮಾಧಾನ ಇದೆ' ಅಂತ ಕೇಳಬಹುದಾ?" ಅಂದೆ.

"ಮೇಡಂ, ಇದನ್ನ ಇಂಗ್ಲಿಷಿಂದ ಕನ್ನಡಕ್ಕೆ ಮಾಡಿಸಿ, ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ತಾಳೆ ನೋಡಿ ಒಪ್ಪಿದ್ದಾರೆ. ಒಂದಕ್ಷರ ಸೇರಿಸೋ ಹಾಗಿಲ್ಲ, ಒಂದಕ್ಷರ ಬಿಡೋ ಹಾಗಿಲ್ಲ. ವಿವರಣೆ ಕೊಡಬೇಡಿ. ಯಾಕೆ ಅಂತ ಕೇಳಬೇಡಿ. ಅರ್ಥವಾಗಲಿಲ್ಲ ಅಂದರೆ ಇನ್ನೊಂದು ಸಲ ಓದಿ, ಅಷ್ಟೆ."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನಾನೂ ಸಂಖ್ಯಾಶಾಸ್ತ್ರ ಓದಿದವಳು. ಒಬ್ಬೊಬ್ಬರು ಒಂದೊಂದು ಥರ ಕೇಳಿದರೆ ಈ ದೇಶದ ಉತ್ತರವನ್ನು ಆ ದೇಶದ ಉತ್ತರದ ಪಕ್ಕ ಇಡುವುದು ಹೇಗೆ? ಬಾಯಿ ಮುಚ್ಚಿಕೊಂಡೆ. ಮೇಷ್ಟ್ರು ಮಾತ್ರ ಇಳಿದು ಬರುವಾಗ ಮೆಟ್ಟಿಲ ಮೇಲೆ ಅಂದರು: "ಜನಗಣತೀಲಿ ಮನೆಗೆ ಎಷ್ಟು ಬಾಗ್ಲು ಅಂತ ಕೇಳ್ತಿದ್ವಿ ಕಣವ್ವ. ಬಾಗ್ಲು ಎಣಿಸ್ಬೋದು. ಇದುನ್ನ ಎಂಗೆ ಎಣಿಸಾದು?"

ಹಾಸನದಲ್ಲಿ ಕೆಲಸ ಸಲೀಸಾಗಿ ನಡೆಯಿತು. ನಾಲ್ಕೂ ಊರುಗಳಲ್ಲಿ ಸಂಪರ್ಕ ಚೆನ್ನಾಗಿದ್ದದ್ದು ಅಲ್ಲೇ. ಸೆಂಟರುಗಳಲ್ಲಿ ಸಾಲಾಗಿ ಪ್ಲೈವುಡ್ ಗೂಡುಗಳು, ಪುಟಗಳು ತಕ್ಕಮಟ್ಟಿಗೆ ಬೇಗ ತೆರೆಯುತ್ತಿದ್ದವು. ಆದರೆ ಬಂದ ಉತ್ತರಗಳೆಲ್ಲ ಮೂರು, ನಾಲ್ಕು, ಐದು. ಎರಡು ವರ್ಷ ಹೊರದೇಶದಲ್ಲಿದ್ದು ಬಂದ ಕಾಲೇಜು ಅಧ್ಯಾಪಕರೊಬ್ಬರು, "ಇದಕ್ಕೆ ಇಂಟರ್‌ನೆಟ್ ಅಂತಾರೇನ್ರೀ? ಮೂರು ಬರ್ಕೊಳ್ಳಿ, ಅದೂ ನೀವು ಬಿಸಿಲಲ್ಲಿ ನಿಂತಿದ್ದೀರಿ ಅಂತ," ಎಂದರು. ನಾನು ಮೂರಕ್ಕೆ ಸುತ್ತು ಹಾಕಿದೆ.

ಹೊಳೆನರಸೀಪುರ ನನ್ನ ತವರು. ಪರಿಚಿತರನ್ನು ಸಂದರ್ಶಿಸಬಾರದೆಂಬ ನಿಯಮವಿದ್ದುದರಿಂದ ಅಲ್ಲಿ ಮೇಷ್ಟ್ರನ್ನು ಮುಂದೆ ಬಿಟ್ಟು ನಾನು ಫಾರಂ ಪರಿಶೀಲಿಸುತ್ತ ಪಕ್ಕದಲ್ಲಿರುತ್ತಿದ್ದೆ. ಮೂರನೆಯವರಾಗಿ ಹೊರಗೆ ಬಂದವರು ನಮ್ಮ ಬೀದಿಯ ಪುರೋಹಿತರು. ಜಾತಕಗಳನ್ನು ಈಮೇಲಿನಲ್ಲಿ ತರಿಸಿಕೊಂಡು ಸಾಲಾವಳಿ ನೋಡಿ ಕಳಿಸುತ್ತಿದ್ದರು. ಸಂಪರ್ಕ ಎಷ್ಟು ಸಲ ಕಡಿದುಹೋಗುತ್ತದೆ ಎಂಬ ಪ್ರಶ್ನೆಗೆ "ದಿನಾ" ಅಂದರು. ಆವತ್ತೇ ಒಂದು ಜಾತಕ ಅರ್ಧ ಬಂದು ನಿಂತಿತ್ತಂತೆ, ಲಗ್ನಕುಂಡಲಿ ಬಂದಿದೆ, ದಶೆ ಬಂದಿಲ್ಲ. ಮೇಷ್ಟ್ರು ಹತ್ತೊಂಬತ್ತನೆಯ ಪ್ರಶ್ನೆ ಓದಿದರು. ಪುರೋಹಿತರು ತಟ್ಟನೆ, "ಹತ್ತು," ಅಂದರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸ್ವಾಮೇರೇ, ಅರ್ಧ ಜಾತ್ಕ ಬಂದೈತೆ ಅಂದ್ರಿ?"

"ಬಂದಿದೆ. ಆದರೆ ನೀವು ಕೇಳಿದ್ದು ತೃಪ್ತಿಯಾಯಿತೇ ಅಂತ ಅಲ್ಲವೇ? ಶ್ರಾದ್ಧದ ಎಲೆ ಮುಂದೆ ನಾವೂ ಕೇಳ್ತೀವಿ, ತೃಪ್ತರಾದಿರಾ ಅಂತ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ವಡೆ ಹಳಸಿತ್ತು ಅಂತ ಯಾರಾದರೂ ಹೇಳ್ತಾರಾ? ತೃಪ್ತರಾದೆವು ಅಂತಲೇ ಹೇಳಬೇಕು. ಆ ಮಾತಿಗೆ ಇರೋದು ಒಂದೇ ಉತ್ತರ."

ನಾನು ಪಕ್ಕದಲ್ಲಿ ನಿಂತು ಇದನ್ನು ಕೇಳಿಸಿಕೊಂಡೆ. ನಗು ಬಂತು. ಫಾರಂನಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ, ಹತ್ತಕ್ಕೆ ಸುತ್ತು ಬಿತ್ತು.

ಚನ್ನರಾಯಪಟ್ಟಣಕ್ಕೆ ಹೋದ ದಿನ ಪಿಯುಸಿ ಫಲಿತಾಂಶ. ಹೆದ್ದಾರಿ ಪಕ್ಕದ ಸೆಂಟರಿನ ಮುಂದೆ ಜಾತ್ರೆಯಷ್ಟು ಜನ. ಎಲ್ಲ ಕಡೆಯಿಂದಲೂ ಒಂದೇ ಪುಟಕ್ಕೆ ಮುಗಿಬಿದ್ದು, ಅದು ಮೂರು ಗಂಟೆ ಹೊತ್ತು ತೆರೆಯಲೇ ಇಲ್ಲ. ಕೊನೆಗೆ ಒಂದೊಂದೇ ನಂಬರು ಬರತೊಡಗಿತು. ಹೊರಗೆ ಬಂದ ಮೂರನೆಯವಳು ಪಾಸಾಗಿದ್ದಳು: ಹತ್ತು. ಆರನೆಯವಳು ಗಣಿತದಲ್ಲಿ ಫೇಲಾಗಿದ್ದಳು. ಕಾರ್ಡು ತೋರಿಸಿದೆ. ಅವಳು ಕಣ್ಣೊರೆಸಿಕೊಂಡು ಒಂದರ ಮೇಲೆ ಬೆರಳಿಟ್ಟಳು. ಅವಳ ಅಪ್ಪ, "ಈಗ ಬ್ಯಾಡ ಬುಡಿ ಮೇಡಮ್ಮೋರೆ," ಎಂದು ಅವಳನ್ನು ಕರೆದುಕೊಂಡು ಹೋದರು. ಒಂದೇ ಸೆಂಟರು, ಒಂದೇ ಯಂತ್ರ, ಹತ್ತು ನಿಮಿಷದ ಅಂತರ. ನಾನು ಅಳೆಯುತ್ತಿರುವುದು ಇಂಟರ್‌ನೆಟ್ಟನ್ನೋ, ಗಣಿತದ ಪರೀಕ್ಷೆಯನ್ನೋ? ಫಾರಂ ಹಿಡಿದುಕೊಂಡು ಆ ಗಲಾಟೆಯ ಮಧ್ಯೆ ನಿಂತಾಗ ಮೊದಲ ಸಲ ಈ ಕೆಲಸದ ಮೇಲೆ ಸಿಟ್ಟು ಬಂತು.

ಅರಕಲಗೂಡಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ಅಲ್ಲಿನ ಸೆಂಟರನ್ನು ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಮೊದಲು ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದವರು, ಅದರ ಪಕ್ಕಕ್ಕೇ ಎರಡು ಕಂಪ್ಯೂಟರು ಹಾಕಿದ್ದರು. ಟೆಲಿಫೋನಿನ ಒಂದೇ ಲೈನು. ಒಬ್ಬರು ಎಸ್‌ಟಿಡಿ ಮಾಡಿದರೆ ಇಂಟರ್‌ನೆಟ್ ಇಲ್ಲ. ಮೋಡೆಮ್ ಕಿರ್ ಎಂದು ಕೂಗಿ, ಒರಲಿ, ಸುಮ್ಮನಾಗಿ, ಮತ್ತೆ ಮೊದಲಿನಿಂದ ಕೂಗುತ್ತಿತ್ತು. ಒಂದು ಪುಟ ತೆರೆಯಲು ಕಾಲು ಗಂಟೆ. ಕರೆಂಟ್ ಹೋದರೆ ಬ್ಯಾಟರಿ ಹತ್ತು ನಿಮಿಷ ಬೀಪ್ ಎಂದು ಅರಚಿ ಕೈ ಚೆಲ್ಲುತ್ತಿತ್ತು. ಆಕೆ ಮಾತ್ರ ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. ಅರ್ಜಿ ತುಂಬಿಕೊಡುವುದು, ಪಾಸ್‌ವರ್ಡ್ ಮರೆತವರಿಗೆ ತನ್ನ ನೋಟ್‌ಬುಕ್ಕಿನಿಂದ ಹುಡುಕಿಕೊಡುವುದು, ಬಂದ ಈಮೇಲ್ ಓದಿ ಹೇಳುವುದು ಎಲ್ಲ ಆಕೆಯೇ.

ಆ ಸೆಂಟರಿನಿಂದ ಹೊರಬಂದವರೆಲ್ಲ ಒಂಬತ್ತು ಅಥವಾ ಹತ್ತು ಅಂದರು. ಒಬ್ಬರೂ ಎಂಟಕ್ಕೆ ಇಳಿಯಲಿಲ್ಲ.

ಅಂತೂ ಮೂರು ವಾರದಲ್ಲಿ ಫಾರಂಗಳು ಪೂರ್ತಿಯಾದವು. ಕಟ್ಟು ಕಟ್ಟಿ ಹಾಸನದಿಂದ ಕೊರಿಯರ್ ಮಾಡಿದೆವು. ನಾಲ್ಕನೆಯ ದಿನ ಅಧಿಕಾರಿಯ ಫೋನ್ ಬಂತು.

"ಮೇಡಂ, ನಿಮ್ಮ ತಾಲ್ಲೂಕು ಫಾರಂಗಳನ್ನ ಕಂಪ್ಯೂಟರ್ ಸ್ವೀಕಾರ ಮಾಡ್ತಾ ಇಲ್ಲ. ಹನ್ನೊಂದನೇ ಪ್ರಶ್ನೆಗೆ 'ಸಂಪರ್ಕ ಪ್ರತಿದಿನ ಕಡಿಯುತ್ತದೆ.' ಹತ್ತೊಂಬತ್ತಕ್ಕೆ 'ಹತ್ತು.' ಇದು ಹೇಗೆ ಸಾಧ್ಯ?"

"ಅವರು ಹೇಳಿದ್ದೇ ಹಾಗೆ ಸರ್."

"ಅರಕಲಗೂಡಲ್ಲಿ ನಲವತ್ತು ಜನಾನೂ ಹಾಗೇ ಹೇಳಿದರಾ? ಬೇಜಾರು ಮಾಡ್ಕೋಬೇಡಿ, ಇಂಥ ಫಾರಂ ನಾನು ಬಹಳ ನೋಡಿದ್ದೀನಿ. ಹೋಟೆಲಲ್ಲಿ ಕೂತು ತುಂಬಿದರೆ ಹೀಗೇ ಇರುತ್ತೆ."

ಆ ಬಿಸಿಲು, ಆ ಪ್ಲಾಸ್ಟಿಕ್ ಕುರ್ಚಿ, ಓಡಿಹೋದವರ ಅರ್ಧ ಫಾರಂಗಳು, ಯಾವುದನ್ನು ಹೇಳಲಿ? ಅವರೇ ಮುಂದುವರಿಸಿದರು. ಹೊಂದಾಣಿಕೆಯಿಲ್ಲದ ಫಾರಂಗಳನ್ನು ವಾಪಸ್ ಕಳಿಸುತ್ತಾರೆ. ಅದೇ ಜನರ ಹತ್ತಿರ ಮತ್ತೆ ಹೋಗಿ ಹತ್ತೊಂಬತ್ತನೆಯ ಪ್ರಶ್ನೆ ಇನ್ನೊಮ್ಮೆ ಓದಬೇಕು. ಆಮೇಲೆ ತಪಾಸಣೆಗೆ ಅವರೇ ಬರುತ್ತಾರೆ. ಸುಳ್ಳೆಂದು ಕಂಡರೆ ಜಿಲ್ಲೆಯ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮಿಬ್ಬರ ಹೆಸರೂ ಬೇರೆ ಸಂಸ್ಥೆಗಳಿಗೆ ತಿಳಿಯುತ್ತದೆ.

ಮೇಷ್ಟ್ರು ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಮೂವತ್ತೈದು ವರ್ಸ ಹಾಜರಿ ಬರ್ದಿವ್ನಿ ಕಣವ್ವ. ಬರದೇ ಇದ್ದ ಮಗೂಗೆ ಬಂದೈತೆ ಅಂತ ಒಂದಿನ ಬರೀನಿಲ್ಲ," ಅಂದರು.

ವಾಪಸ್ ಬಂದ ಕಟ್ಟು ಬಿಚ್ಚಿ ಫಾರಂಗಳನ್ನು ಹರಡಿಕೊಂಡು ಕೂತೆ. ಮತ್ತೆ ಹೋಗಿ ಅದೇ ವಾಕ್ಯ ಓದಿದರೆ ಅದೇ ಹತ್ತು ಬರುತ್ತದೆ. ಅಥವಾ, ಎರಡನೆಯ ಸಲ ಕೇಳುತ್ತಿದ್ದಾರೆಂದರೆ ಮೊದಲಿನದು ತಪ್ಪಿರಬೇಕೆಂದು ಹೆದರಿ ಐದು ಅನ್ನುತ್ತಾರೆ. ಎರಡರಿಂದಲೂ ಏನು ತಿಳಿದ ಹಾಗಾಯಿತು? ಕೇಳಬಾರದೆಂದು ಹೇಳಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಗತಿಯಿರಲಿಲ್ಲ.

"ಮೇಷ್ಟ್ರೇ, ಯಾಕೆ ಅಂತ ಕೇಳೋಣ. ಅವರು ಹೇಳಿದ್ದನ್ನ ಹೇಳಿದ ಹಾಗೇ ಫಾರಂ ಹಿಂದುಗಡೆ ಬರೆಯೋಣ. ನಂಬರು ಮುಟ್ಟೋದು ಬೇಡ."

"ನಿಯಮ?"

"ಮುರಿದೆ ಅಂತ ನಾನೇ ಹೇಳ್ತೀನಿ."

ಮಾರನೆಯ ದಿನದಿಂದ ಮತ್ತೆ ಸುತ್ತಾಟ. ಫಾರಂನಲ್ಲಿದ್ದ ವಿಳಾಸ ಹಿಡಿದು ಮನೆಗಳಿಗೇ ಹೋದೆವು. ಕೆಲವರು ಸಿಗಲಿಲ್ಲ. ಕೆಲವರು, "ಮೊನ್ನೆ ಹೇಳಿದ್ದೀನಲ್ಲ, ಇನ್ನೇನು?" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಹರದನಹಳ್ಳಿಯ ರೈತರೊಬ್ಬರು ಮಾತ್ರ ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಅವರು ಹೊಳೆನರಸೀಪುರದ ಸೆಂಟರಿಗೆ ಹೋಗುವುದು ಕೊಬ್ಬರಿ ಧಾರಣೆ ನೋಡಲು. ಕಾಣಿಸುವುದು ಮೊನ್ನೆಯ ಧಾರಣೆ, ಅದೂ ಎರಡು ಸಲ ಹೋದರೆ ಒಂದು ಸಲ.

"ಮತ್ತೆ ಹತ್ತು ಯಾಕೆ ಕೊಟ್ರಿ?"

"ಯಾವುದ್ಕಿಂತ ಅಂತ ನೀವು ಕೇಳ್ನಿಲ್ವಲ್ಲ ಮೇಡಮ್ಮೋರೆ. ಮೊದ್ಲು ಮಂಡಿಯವ್ನು ಏಳಿದ್ದೇ ರೇಟು. ಈಗ ಮೊನ್ನೇದಾದ್ರೂ ನಂಗೆ ಗೊತ್ತು ಅಂತ ಅವನ್ಗೆ ಗೊತ್ತು. ಬಾಯಿ ಬಿಗಿ ಇಡ್ದು ಮಾತಾಡ್ತಾನೆ. ಅದ್ಕೇ ಅತ್ತು."

ಅವರ ಮಾತನ್ನು ಫಾರಂ ಹಿಂದೆ ಬರೆದುಕೊಂಡೆ. "ಯಾವುದಕ್ಕಿಂತ" ಎಂಬ ಶಬ್ದದ ಕೆಳಗೆ ಗೀಟು ಹಾಕಿದೆ. ಹಾಸನದ ಅಧ್ಯಾಪಕರು ಹೊರದೇಶಕ್ಕಿಂತ ಎಂದುಕೊಂಡು ಮೂರು ಕೊಟ್ಟಿದ್ದರು. ಇವರು ಮಂಡಿಯವನಿಗಿಂತ ಎಂದುಕೊಂಡು ಹತ್ತು ಕೊಟ್ಟಿದ್ದರು.

ಗೊರೂರಿನ ಹೆಂಗಸು ಸಿಕ್ಕಿದ್ದು ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ, ಅಣ್ಣನ ಮನೆಯಲ್ಲಿ. ಮೂವತ್ತರ ಆಸುಪಾಸು. ಗಂಡ ಕುವೈತಿನಲ್ಲಿ ವೆಲ್ಡಿಂಗ್ ಕೆಲಸ. ಪ್ರತಿ ಭಾನುವಾರ ಬಸ್ಸು ಹಿಡಿದು ಅರಕಲಗೂಡಿನ ಸೆಂಟರಿಗೆ ಹೋಗಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವನ ಜೊತೆ ಮಾತಾಡುತ್ತಿದ್ದಳು. ಅವಳ ಫಾರಂ ನಮ್ಮ ಅತ್ಯಂತ ಅಸಂಗತ ಫಾರಂಗಳಲ್ಲೊಂದು. ಎಲ್ಲ ತೊಂದರೆಗಳಿಗೂ "ಯಾವಾಗಲೂ", ಕೊನೆಗೆ ಹತ್ತು.

ನನ್ನನ್ನು ನೋಡುತ್ತಲೇ ಅವಳ ಮುಖ ಇಳಿಯಿತು. "ಏನಾಯ್ತಕ್ಕಾ? ಸೆಂಟರ್ ಮುಚ್ತಾರಾ?"

"ಯಾರು ಹೇಳಿದ್ದು?"

"ನೀವು ಮಾರ್ಕ್ಸ್ ಆಕ್ಕೊಂಡ್ರಲ್ಲ. ಕಮ್ಮಿ ಬಂದ್ರೆ ಮುಚ್ಚುಸ್ತಾರೆ ಅಂತ ಎಲ್ರೂ ಅಂದ್ರು. ಅದ್ಕೇ ನಾವು ಯಾರೂ ಕಮ್ಮಿ ಏಳ್ಬಾರ್ದು ಅಂತ ಮಾತಾಡ್ಕೊಂಡಿದ್ವಿ."

ನಲವತ್ತು ಜನರಲ್ಲಿ ಒಬ್ಬರೂ ಎಂಟಕ್ಕೆ ಇಳಿಯದ್ದು ಯಾಕೆಂಬುದಕ್ಕೆ ಉತ್ತರ ಇಲ್ಲಿತ್ತು. ಅವರು ಅಂಕ ಕೊಟ್ಟದ್ದು ಇಂಟರ್‌ನೆಟ್ಟಿಗಲ್ಲ, ಸೆಂಟರಿನ ಆ ಹೆಂಗಸಿಗೆ. ನಾವು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೇ ಅವರ ಕಣ್ಣಿಗೆ ತನಿಖೆಯಾಗಿತ್ತು. ಇದು ನನ್ನ ತಪ್ಪು, ನನಗೆ ಮೊದಲೇ ಹೊಳೆಯಬೇಕಿತ್ತು.

ಯಾರೂ ಮುಚ್ಚಿಸುವುದಿಲ್ಲ, ಯಾರ ಹೆಸರೂ ಹೊರಗೆ ಹೋಗುವುದಿಲ್ಲ ಎಂದು ಅವಳಿಗೆ ಬಿಡಿಸಿ ಹೇಳಿದೆ. ನಂಬಿದ ಮೇಲೆ ಕೇಳಿದೆ: "ಈಗ ಹೇಳು. ಭಯ ಬೇಡ. ನಿನಗೆ ನಿಜವಾಗಲೂ ಎಷ್ಟು ಅನ್ನಿಸುತ್ತೆ?"

ಅವಳು ಯೋಚಿಸಿದಳು. "ಅವ್ರ ಮಾತು ಅರ್ಧ ಕೇಳುಸ್ತದೆ, ಇನ್ನರ್ಧ ನಾನೇ ಸೇರುಸ್ಕೋತೀನಿ. ಒಂದ್ಸಲ ಮುಖ ತೋರ್ಸಿದ್ರು. ಎರಡು ವರ್ಸ ಆಗಿತ್ತು ನೋಡಿ. ಚಿತ್ರ ಅಂಗೇ ನಿಂತ್ಬುಡ್ತು, ಬಾಯಿ ತೆಗ್ದಿದ್ದು ತೆಗ್ದಂಗೇ. ಅಷ್ಟ್ರಲ್ಲಿ ಲೈನ್ ಓಯ್ತು. ಆದ್ರೂ ನೋಡ್ದೆ. ತಲೇಲಿ ಕೂದ್ಲು ಬೆಳ್ಳಗಾಗಿತ್ತು." ಆಮೇಲೆ, "ಅತ್ತೇ ಇರ್ಲಿ ಅಕ್ಕಾ. ಬರ್ದಿದ್ದುನ್ನ ಅಳ್ಸಬ್ಯಾಡಿ," ಅಂದಳು.

ಹಿಂತಿರುಗುವ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ನಾನು ಫಾರಂ ತಿರುಗಿಸಿ ಅವಳ ಮಾತು ಬರೆಯುತ್ತಿದ್ದೆ. ರಸ್ತೆ ಕೆಟ್ಟಿತ್ತು, ಅಕ್ಷರಗಳು ಒಂದರ ಮೇಲೊಂದು ಹತ್ತಿದವು.

ಅಧಿಕಾರಿ ಬಂದದ್ದು ಹತ್ತು ದಿನದ ಮೇಲೆ. ನೇರವಾಗಿ ಅರಕಲಗೂಡಿಗೇ ಹೋಗೋಣ ಅಂದರು. ಸೆಂಟರಿಗೆ ಬಂದವರೇ, ಬೆಂಗಳೂರಿಗೆ ತುರ್ತಾಗಿ ಒಂದು ಮೇಲ್ ಕಳಿಸಬೇಕೆಂದು ಕಂಪ್ಯೂಟರಿನ ಮುಂದೆ ಕೂತರು. ಮೋಡೆಮ್ ಕೂಗಿತು, ಒರಲಿತು, ನಿಂತಿತು. ಸೆಂಟರಿನಾಕೆ ಬಂದು ಮತ್ತೆ ಡಯಲ್ ಮಾಡಿಕೊಟ್ಟರು. ಪಾಸ್‌ವರ್ಡ್ ಹಾಕುವಷ್ಟರಲ್ಲಿ ಲೈನು ಹೋಯಿತು. ಯಾರೋ ಎಸ್‌ಟಿಡಿಗೆ ಬಂದವರನ್ನು ಆಕೆ, "ಬೆಂಗಳೂರಿನ ಸರ್‌ದು ಅರ್ಜೆಂಟಂತೆ, ಸ್ವಲ್ಪ ಕೂತ್ಕೊಳ್ಳಿ," ಎಂದು ತಡೆದರು. ಮೂರನೆಯ ಸಲ ಪುಟ ಅರ್ಧ ಬಂತು. ಕರೆಂಟ್ ಹೋಯಿತು. ಬ್ಯಾಟರಿ ಅರಚತೊಡಗಿತು. ಆಕೆ ಓಡಿ ಇನ್ನೊಂದು ಕಂಪ್ಯೂಟರು ಆರಿಸಿ ಇದಕ್ಕೆ ನಾಲ್ಕು ನಿಮಿಷ ಹೆಚ್ಚು ಕೊಡಿಸಿದರು. ಆದರೂ ಮೇಲ್ ಹೋಗಲಿಲ್ಲ. ಒಂದೂಕಾಲು ಗಂಟೆ ಕಳೆದಿತ್ತು. ಆಕೆ ಪಕ್ಕದ ಹೋಟೆಲಿನಿಂದ ಕಾಫಿ ತರಿಸಿ, "ಸಾರಿ ಸರ್, ಎಕ್ಸ್‌ಚೇಂಜಿಗೆ ದಿನಾ ಹೇಳ್ತೀನಿ. ನೀವು ಬರೆದಿಟ್ಟು ಹೋಗಿ, ಲೈನ್ ಬಂದ ತಕ್ಷಣ ನಾನೇ ಕಳಿಸ್ತೀನಿ," ಅಂದರು.

ಅಧಿಕಾರಿ ಎದ್ದು ಹೊರಗೆ ಬಂದರು. ಬಾಗಿಲಲ್ಲಿ ಮೇಷ್ಟ್ರು ಫಾರಂ ಹಿಡಿದು ನಿಂತಿದ್ದರು. ಗಂಭೀರವಾಗಿ ಹತ್ತೊಂಬತ್ತನೆಯ ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ, ಕಾರ್ಡು ಮುಂದೆ ಹಿಡಿದರು.

ಸೆಂಟರಿನಾಕೆ ಖಾಲಿ ಲೋಟಗಳನ್ನು ಹಿಡಿದು ಅಲ್ಲೇ ನಿಂತಿದ್ದರು. ಅಧಿಕಾರಿ ಆಕೆಯ ಮುಖ ನೋಡಿದರು, ಕಾರ್ಡು ನೋಡಿದರು.

"ಪರವಾಗಿಲ್ಲ... ಏಳು ಹಾಕ್ಕೊಳ್ಳಿ," ಅಂದರು.

ಮೇಷ್ಟ್ರು ನಗಲಿಲ್ಲ. "ಏಳು," ಎಂದು ಸುತ್ತು ಹಾಕಿ ನನ್ನ ಕಡೆ ನೋಡಿದರು. ರಸ್ತೆ ದಾಟಿದ ಮೇಲೆ ಅಧಿಕಾರಿಯೇ ನಿಂತು, "ನಾನು ಅವತ್ತು ಫೋನಲ್ಲಿ ಹಾಗೆ ಹೇಳಬಾರದಿತ್ತು. ಮೇಷ್ಟ್ರೇ, ನೀವೂ ಬೇಜಾರು ಮಾಡ್ಕೋಬೇಡಿ," ಅಂದರು. ಅಲ್ಲಿಗೆ ಸುಳ್ಳುಗಾರರೆಂಬ ಅಪವಾದ ಕಳೆಯಿತು. ಕೆಲಸ ಮಾತ್ರ ದಡ ಮುಟ್ಟಲಿಲ್ಲ.

ಅಂದು ಮಧ್ಯಾಹ್ನ ಹಾಸನದ ಲಾಡ್ಜಿನಲ್ಲಿ ಕೂತು ಅವರು ಫಾರಂಗಳ ಹಿಂದಿನ ಬರಹವನ್ನೆಲ್ಲ ಓದಿದರು. ತುಂಬ ಹೊತ್ತು ಓದಿದರು. ಕೊನೆಗೆ, "ಇದೆಲ್ಲ ನಿಜ. ಆದರೆ ಇದನ್ನ ಎಲ್ಲಿ ಹಾಕಲಿ? ಬೇರೆ ದೇಶಗಳಲ್ಲಿ ಯಾರೂ ಯಾಕೆ ಅಂತ ಕೇಳಿಲ್ಲ," ಅಂದರು. ಆಮೇಲೆ ಒಂದು ದಾರಿ ಸೂಚಿಸಿದರು. ಹೊಸ ಫಾರಂ ಕೊಡುತ್ತಾರೆ. ಎಲ್ಲವನ್ನೂ ಶುಭ್ರವಾಗಿ ನಕಲು ಮಾಡಿ, ಹಿಂದಿನ ಬರಹ ಬಿಟ್ಟು, "ಪ್ರಶ್ನಾವಳಿಯ ಹೊರಗೆ ಏನನ್ನೂ ಕೇಳಿಲ್ಲ" ಎಂಬ ಹೇಳಿಕೆಗೆ ನಾನು ಸಹಿ ಮಾಡುವುದು. ತಪಾಸಣೆ ಮಾಡಿದ್ದೇನೆಂದು ಅವರು ಸಹಿ ಮಾಡುತ್ತಾರೆ. ಹತ್ತುಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ.

ಒಪ್ಪಿಕೊಳ್ಳುವ ಮನಸ್ಸು ಬಂದಿತ್ತೆಂದು ಇಲ್ಲಿ ಬರೆಯಲೇಬೇಕು. ಇಷ್ಟು ದಿನದ ಅಲೆದಾಟ, ಅದಕ್ಕೊಂದು ಅರ್ಥ ಬರುತ್ತಿತ್ತು. ಆದರೆ ಆ ಹತ್ತು ಒಂಟಿಯಾಗಿ ಪಟ್ಟಿಯಲ್ಲಿ ಕೂತರೆ ಏನು ಹೇಳುತ್ತದೆ? ಅರಕಲಗೂಡಿನ ಜನ ಇಂಟರ್‌ನೆಟ್ಟಿನಿಂದ ಸಂಪೂರ್ಣ ತೃಪ್ತರು, ಅಲ್ಲಿಗೆ ಇನ್ನೊಂದು ಲೈನಿನ ಅಗತ್ಯವಿಲ್ಲ ಎನ್ನುತ್ತದೆ. ದಿನಾ ಎಕ್ಸ್‌ಚೇಂಜಿಗೆ ಹೋಗಿ ಬೇಡುತ್ತಿದ್ದ ಆ ಹೆಂಗಸಿನ ಬಾಯಿಗೇ ನಾನು ಬೀಗ ಹಾಕಿದ ಹಾಗೆ. ಅದರ ಮೇಲೆ, ಕೇಳಿದ್ದನ್ನು ಕೇಳಿಲ್ಲವೆಂದು ಸಹಿ.

"ಮೇಷ್ಟ್ರೇ, ಏನಂತೀರಿ?" ಎಂದು ಕೇಳಿದೆ.

"ಸೈನು ನಿಂದು ಕಣವ್ವ. ನೀನೇ ಯೋಳು," ಅಂದರು.

"ಆಗಲ್ಲ ಸರ್," ಅಂದೆ. "ಹಿಂದಿನ ಬರಹದ ಸಮೇತ ತಗೊಳ್ಳೋದಾದರೆ ತಗೊಳ್ಳಿ."

ಅವರು ಒತ್ತಾಯ ಮಾಡಲಿಲ್ಲ. ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದರು. ನನಗೆ ಆ ಸಂಸ್ಥೆಯಿಂದ ಮತ್ತೆ ಕೆಲಸ ಬರಲಿಲ್ಲ.

ಏಳೆಂಟು ತಿಂಗಳ ಮೇಲೆ ಅಧಿಕಾರಿ ವರದಿಯ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದರು. ನುಣುಪು ಕಾಗದ, ದೇಶಗಳ ಹೆಸರಿನ ಮುಂದೆ ಬಣ್ಣದ ಪಟ್ಟಿಗಳು. ನಮ್ಮ ದೇಶ ಕೆಳಗಿನ ಸಾಲುಗಳಲ್ಲಿತ್ತು. ಮೂರು ತಾಲ್ಲೂಕು ಊರುಗಳ ಫಾರಂಗಳನ್ನು "ವಿಧಾನದಲ್ಲಿ ವ್ಯತ್ಯಾಸವಾದ ಕಾರಣ" ಕೈಬಿಡಲಾಗಿದೆಯೆಂದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಟಿಪ್ಪಣಿ. ಸಣ್ಣ ಊರುಗಳ ಪರವಾಗಿ ಉಳಿದದ್ದು ಹಾಸನ ಒಂದೇ. ಹಿಂದೆ ಬರೆದ ಮಾತುಗಳು ಏನಾದವೋ ತಿಳಿಯದು. ಆ ಪಟ್ಟಿಯಲ್ಲಿದ್ದ ಬೇರೆ ದೇಶಗಳ ಅಂಕಗಳನ್ನು ನೋಡುತ್ತ ನನಗೆ ಯಾವುದನ್ನೂ ನಂಬಲಾಗಲಿಲ್ಲ. ಎಲ್ಲಿ ಯಾರು ಯಾರ ಮುಖ ನೋಡಿ ಎಷ್ಟು ಅಂದರೋ, ಯಾವುದಕ್ಕಿಂತ ಎಂದುಕೊಂಡರೋ?

ಒಂದು ಭಾನುವಾರ ಅರಕಲಗೂಡಿಗೆ ಹೋದೆ. ನಿಮ್ಮ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಅವರಿಗೆ ಹೇಳುವುದು ನನ್ನ ಕರ್ತವ್ಯ ಅನ್ನಿಸಿತ್ತು. ಸೆಂಟರಿನಾಕೆ ವರದಿಯನ್ನು ತಿರುವಿ ನೋಡಿ, "ಚೆನ್ನಾಗಿ ಪ್ರಿಂಟ್ ಮಾಡಿದ್ದಾರೆ," ಎಂದು ವಾಪಸ್ ಕೊಟ್ಟರು. ಗೊರೂರಿನ ಹೆಂಗಸು ಹೆಡ್‌ಫೋನ್ ಕತ್ತಿಗೆ ಹಾಕಿಕೊಂಡು, ಲೈನು ಬರುವುದನ್ನು ಕಾಯುತ್ತ ಕೂತಿದ್ದಳು. ಅವಳಿಗೂ ಹೇಳಿದೆ.

"ನಂದು ಸೇರುಸ್ಲಿಲ್ವಾ? ಅಂಗಾರೆ ಯಾರ್ದು ಸೇರ್ಸವ್ರೆ?"

"ಹಾಸನದವರದ್ದು."

"ಅವ್ರು ಎಷ್ಟು ಅಂದ್ರು?"

"ಮೂರು, ನಾಲ್ಕು. ಅಷ್ಟರಲ್ಲೇ."

ಅವಳಿಗೆ ನಂಬಿಕೆ ಬರಲಿಲ್ಲ. ಹಾಸನದಲ್ಲಿ ಪುಟ ಕ್ಷಣದಲ್ಲಿ ತೆರೆಯುತ್ತದೆಂದು ಅವಳಿಗೂ ಗೊತ್ತಿತ್ತು.

"ಪಾಪ," ಅಂದಳು. "ಏನು ಕಷ್ಟವೋ ಅವ್ರಿಗೆ."